ಪಟ್ಟಿಯಿಂದ ಪಕ್ಷಪಾತವಿಲ್ಲದೆ ಆರಿಸುವ ಕ್ರಮ

ಬೆಳೆ ಕಟಾವು ಪ್ರಯೋಗಕ್ಕೆ ಹೊಲಗಳನ್ನು ಗೊತ್ತುಮಾಡುವ ವಿಚಾರ

ಅಣ್ಣತಮ್ಮಂದಿರು ಪಿತ್ರಾರ್ಜಿತವಾದ ಜಮೀನನ್ನು ಭಾಗ ಮಾಡಿಕೊಳ್ಳುವಾಗ, ಪಂಚಾಯಿತಿಗೆ ಕುಳಿತ ಹಿರಿಯರು ಜಮೀನನ್ನು ಸಮನಾಗಿ ವಿಂಗಡಿಸುವರೇ ಹೊರತು, ಯಾವ ಭಾಗವು ಯಾರಿಗೆ ಸೇರಬೇಕೆಂಬುದನ್ನು ತಾವಾಗಿ ಹೇಳುವುದಿಲ್ಲ. ಚೀಟಿಗಳನ್ನು ಬರೆದು ಮಡಿಸಿ ಚೊಂಬಿನಲ್ಲಿ ಹಾಕಿ, ಏನನ್ನೂ ಅರಿಯದ ಮಗುವಿನ ಕೈಯಿಂದ ಎತ್ತಿಸುವರು. ಹಿರಿಯರಲ್ಲಿ ನ್ಯಾಯಬುದ್ಧಿಯು ಸಾಲದೆಂದು ಹೀಗೆ ಮಾಡುವುದಲ್ಲ. ಎಷ್ಟೇ ನ್ಯಾಯವಂತನಾದರೂ ಕೈಯಿಟ್ಟು ಆರಿಸಿದವನ ಮೇಲೆ ಮಾತು ಬರುವುದು ತಪ್ಪದು. ಚೀಟಿಯ ಮೇಲೆ ಯಾರೂ ಮಾತು ಹೊರಿಸಲಾರರು. ತಮಿಳುನಾಡಿನ ಉತ್ತರಮೇರೂರಿನ ದೇವಾಲಯದ ಶಾಸನಗಳಲ್ಲಿ, ಹತ್ತನೆಯ ಶತಮಾನದ ಚೋಳರ ಕಾಲದಲ್ಲಿ, ಊರಿನ ಸಭೆಯ ಸದಸ್ಯರನ್ನು ಹೀಗೆಯೇ ಓಲೆಗರಿಗಳ ಮೇಲೆ ಹೆಸರು ಬರೆದು ಗಡಿಗೆಯಲ್ಲಿ ಹಾಕಿ, ಚಿಕ್ಕ ಹುಡುಗನಿಂದ ಎತ್ತಿಸುತ್ತಿದ್ದ ಕ್ರಮವು ವಿವರವಾಗಿ ಕೊರೆಯಲ್ಪಟ್ಟಿದೆ. ಆದುದರಿಂದ ಈ ಲೇಖನದಲ್ಲಿ ಹೇಳತಕ್ಕ ತತ್ವವು ನಮ್ಮ ನಾಡಿಗೆ ಹೊಸದಲ್ಲ. ಸಾಧನವು ಮಾತ್ರ ಹೊಸದು.

ಆ ಸಾಧನವೆಂದರೆ ಗಣಕಯಂತ್ರದಲ್ಲಿರುವ ಲೆಕ್ಕದ ಹಾಳೆ. ಇದನ್ನು ಸ್ಪ್ರೆಡ್‌ಶೀಟ್ ಎನ್ನುವರು. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್ ಕ್ಯಾಲ್ಕ್ ಮುಂತಾದ ಹೆಸರುಗಳಿಂದ ಇದು ಈಗ ಪಂಚಾಯತಿ ಕಚೇರಿಗಳಲ್ಲಿಯೂ, ಸಹಕಾರ ಸಂಘಗಳಲ್ಲಿಯೂ, ರೈತರ ಮಕ್ಕಳ ಕೈಯಲ್ಲಿರುವ ಫೋನುಗಳಲ್ಲಿಯೂ ಬಳಕೆಗೆ ಬಂದಿದೆ. ನೂರಾರು ಹೆಸರುಗಳಿರುವ ಪಟ್ಟಿಯಿಂದ ಕೆಲವನ್ನು ಪಕ್ಷಪಾತವಿಲ್ಲದೆ ಎತ್ತಿಕೊಡುವ ಸೂತ್ರಗಳು ಅದರಲ್ಲಿ ಸಿದ್ಧವಾಗಿವೆ. ಅವುಗಳನ್ನು ಸರಿಯಾಗಿ ಉಪಯೋಗಿಸುವ ಬಗೆಯನ್ನೂ, ತಪ್ಪಾಗಿ ಉಪಯೋಗಿಸಿದರೆ ಒದಗುವ ಕೇಡನ್ನೂ ಗ್ರಾಮದ ಮುಖ್ಯಸ್ಥರಿಗೂ ಹಿಡುವಳಿದಾರರಿಗೂ ತಿಳಿಸುವುದೇ ಈ ಲೇಖನದ ಉದ್ದೇಶವು.

೧. ಕಣ್ಣಳತೆಯ ದೋಷ

ಊರಿನ ಒಟ್ಟು ಬೆಳೆಯು ಎಷ್ಟಾಯಿತೆಂದು ತಿಳಿಯಲು ಹಿಂದೆ ಆಣೇವಾರಿ ಪದ್ಧತಿಯಿತ್ತು. ಪೂರ್ಣ ಬೆಳೆಯನ್ನು ೧೬ ಆಣೆಯೆಂದಿಟ್ಟುಕೊಂಡು, ಈ ವರ್ಷದ ಬೆಳೆಯು ೮ ಆಣೆಯೋ ೧೦ ಆಣೆಯೋ ಎಂದು ಗ್ರಾಮಾಧಿಕಾರಿಗಳು ಹೊಲಗಳ ಮೇಲೆ ಕಣ್ಣಾಡಿಸಿ ಬರೆಯುತ್ತಿದ್ದರು. ಕಂದಾಯದ ರಿಯಾಯಿತಿಯು ಈ ಅಂಕಿಯನ್ನೇ ಅವಲಂಬಿಸಿದ್ದುದರಿಂದ, ಊರಿನ ಮೇಲೆ ಮಮತೆಯುಳ್ಳವರು ಒಂದೆರಡು ಆಣೆ ಕಡಿಮೆ ಬರೆಯುವುದೂ, ಮೇಲಧಿಕಾರಿಗಳಿಗೆ ಅಂಜುವವರು ಹೆಚ್ಚಾಗಿ ಬರೆಯುವುದೂ ಸಹಜವಾಗಿತ್ತು. ವಂಶಪಾರಂಪರ್ಯವಾದ ಪಟೇಲ ಶ್ಯಾನುಭೋಗರ ಹುದ್ದೆಗಳು ನಮ್ಮ ರಾಜ್ಯದಲ್ಲಿ ೧೯೬೩ರಲ್ಲಿ ರದ್ದಾದುವು. ಆದರೆ ಕಣ್ಣಳತೆಯ ಅಭ್ಯಾಸವು ಹುದ್ದೆಗಳೊಡನೆ ಹೋಗಲಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ದೋಷವುಂಟು. ಮನೆಗೆ ಬಂದವರಿಗೆ ಒಳ್ಳೆಯ ಚಾಪೆಯನ್ನೇ ಹಾಸುವುದೂ, ಊರಿಗೆ ಬಂದವರಿಗೆ ಒಳ್ಳೆಯ ಹೊಲವನ್ನೇ ತೋರಿಸುವುದೂ ನಮ್ಮವರ ಮರ್ಯಾದೆ. ಬೆಳೆಯನ್ನು ಅಳೆಯಲು ಬಂದ ನೌಕರನನ್ನು ಊರಿನ ಹಿರಿಯರು ರಸ್ತೆಯ ಮಗ್ಗುಲಲ್ಲಿರುವ, ಕೆರೆಯ ಕೆಳಗಿನ, ಸಾಲಾಗಿ ಬಿತ್ತಿ ಕಳೆ ಕಿತ್ತ ಹೊಲಕ್ಕೆ ಕರೆದೊಯ್ಯುವರು. ನೌಕರನಿಗೂ ಬಿಸಿಲಿನಲ್ಲಿ ಎರಡು ಮೈಲು ನಡೆದು ದಿಣ್ಣೆಯ ಮೇಲಣ ಕಲ್ಲುಭೂಮಿಗೆ ಹೋಗುವ ಶ್ರಮವು ತಪ್ಪುವುದು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದಾಗ್ಯೂ ಈ ಮರ್ಯಾದೆಗೆ ಊರು ತೆರುವ ಬೆಲೆಯು ಎಷ್ಟೆಂಬುದನ್ನು ಈಗ ನೋಡೋಣ.

೨. ಹೊಲದ ಆಯ್ಕೆಯಿಂದ ಒದಗುವ ಲಾಭನಷ್ಟ

೨೦೧೬ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಮುಂಗಾರಿನ ಆಹಾರ ಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತನು ವಿಮಾ ಮೊತ್ತದ ಮೇಲೆ ಶೇಕಡ ೨ಕ್ಕೆ ಮೀರದ ಕಂತನ್ನು ಕಟ್ಟುತ್ತಾನೆ. ಇಳುವರಿಯ ನಷ್ಟಕ್ಕಾಗಿ ಬರತಕ್ಕ ಪರಿಹಾರವು ಅವನ ಸ್ವಂತ ಹೊಲದ ಬೆಳೆಯನ್ನು ನೋಡಿ ಗೊತ್ತಾಗುವುದಲ್ಲ. ಪ್ರಧಾನ ಬೆಳೆಗಳಿಗೆ ಗ್ರಾಮ ಪಂಚಾಯತಿಯೇ ಒಂದು ಘಟಕವಾಗಿದ್ದು, ಆ ಘಟಕದಲ್ಲಿ ಕನಿಷ್ಠ ೪ ಬೆಳೆ ಕಟಾವು ಪ್ರಯೋಗಗಳನ್ನು ನಡೆಸಿ, ಅವುಗಳ ಸರಾಸರಿಯನ್ನು ವಾಸ್ತವ ಇಳುವರಿಯೆಂದು ಹಿಡಿಯುವರು. ಹಿಂದಿನ ವರ್ಷಗಳ ಇಳುವರಿಯಿಂದ ಗೊತ್ತುಮಾಡಿದ ಪ್ರಾರಂಭಿಕ ಇಳುವರಿಗಿಂತ ಇದು ಎಷ್ಟು ಪಾಲು ಕಡಿಮೆಯಾಯಿತೋ, ವಿಮಾ ಮೊತ್ತದಲ್ಲಿ ಅಷ್ಟು ಪಾಲನ್ನು ಆ ಘಟಕದಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ಎಲ್ಲರಿಗೂ ಒಂದೇ ದರದಲ್ಲಿ ಕೊಡುವರು.

ಈಗ ಒಂದು ಊರನ್ನು ಕಲ್ಪಿಸಿಕೊಳ್ಳೋಣ. ರಾಗಿಯ ಪ್ರಾರಂಭಿಕ ಇಳುವರಿಯು ಹೆಕ್ಟೇರಿಗೆ ೧೦ ಕ್ವಿಂಟಾಲು. ವಿಮಾ ಮೊತ್ತವು ಹೆಕ್ಟೇರಿಗೆ ೪೦,೦೦೦ ರೂಪಾಯಿ. ವಿಮೆಗೆ ಒಳಪಟ್ಟ ಭೂಮಿಯು ೪೦೦ ಹೆಕ್ಟೇರು. ಮಳೆಯು ಕೈಕೊಟ್ಟ ವರ್ಷ. ಹಿರಿಯರು ಕೆರೆಯ ಮಗ್ಗುಲಿನ ನಾಲ್ಕು ಹೊಲಗಳನ್ನು ತೋರಿಸಿದರೆಂದೂ, ಅಲ್ಲಿ ೧೩, ೧೨, ೧೧, ೧೨ ಕ್ವಿಂಟಾಲು ಬಂದಿತೆಂದೂ ಇಟ್ಟುಕೊಳ್ಳಿರಿ. ಸರಾಸರಿ ೧೨. ಊರಿನಲ್ಲಿ ಬರವೇ ಬಂದಿಲ್ಲವೆಂದು ಲೆಕ್ಕವಾಗುವುದು. ಪರಿಹಾರವು ಒಂದು ಕಾಸೂ ಇಲ್ಲ. ಅದೇ ಊರಿನ ಇಡೀ ಪಟ್ಟಿಯಿಂದ ಚೀಟಿಯೆತ್ತಿದಂತೆ ನಾಲ್ಕು ಹೊಲಗಳನ್ನು ತೆಗೆದಾಗ ೧೨, ೫, ೭, ೬ ಬಂದಿತೆಂದರೆ ಸರಾಸರಿ ಏಳೂವರೆ ಕ್ವಿಂಟಾಲು. ಕೊರತೆಯು ೧೦ರಲ್ಲಿ ಎರಡೂವರೆ, ಅಂದರೆ ಕಾಲು ಭಾಗ. ಹೆಕ್ಟೇರಿಗೆ ೧೦,೦೦೦ ರೂಪಾಯಿಯಂತೆ ಊರಿಗೆ ೪೦ ಲಕ್ಷ ರೂಪಾಯಿ. ಈ ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು. ಲೆಕ್ಕದ ರೀತಿಯು ಮಾತ್ರ ನಿಜವಾದುದು. ನಾಲ್ಕು ಹೊಲಗಳ ಆಯ್ಕೆಯಲ್ಲಿ ಇಷ್ಟು ಅಡಗಿದೆ.

ಹಾಗಾದರೆ ಕೆಟ್ಟ ಹೊಲಗಳನ್ನೇ ತೋರಿಸಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಅದು ವಂಚನೆಯೆಂಬುದು ಒಂದು ಮಾತು. ಊರಿಗೆ ನಷ್ಟವೆಂಬುದು ಇನ್ನೊಂದು ಮಾತು. ಈ ವರ್ಷ ಬರೆಸಿದ ಇಳುವರಿಯೇ ಮುಂದಿನ ವರ್ಷಗಳ ಪ್ರಾರಂಭಿಕ ಇಳುವರಿಯ ಲೆಕ್ಕಕ್ಕೆ ಸೇರುವುದರಿಂದ, ವರ್ಷ ವರ್ಷವೂ ಕಡಿಮೆ ಬರೆಸುತ್ತ ಹೋದ ಊರಿನ ಮಟ್ಟವು ಕ್ರಮೇಣ ಕುಗ್ಗಿ, ನಿಜವಾದ ಬರವು ಬಂದ ವರ್ಷದಲ್ಲಿ ಪರಿಹಾರಕ್ಕೆ ಆಸ್ಪದವೇ ಇಲ್ಲದಂತಾಗುವುದು.

೩. ಈ ಕ್ರಮವು ಬೆಳೆದು ಬಂದ ಬಗೆ

ಬೆಳೆಯ ಅಂದಾಜಿಗೆ ಹೊಲಗಳನ್ನು ಯದೃಚ್ಛೆಯಿಂದ, ಅಂದರೆ ಯಾರ ಇಚ್ಛೆಗೂ ಒಳಪಡದಂತೆ, ಆರಿಸಬೇಕೆಂಬ ವಿಚಾರವು ನಮ್ಮ ದೇಶದ ಬತ್ತದ ಗದ್ದೆಗಳಲ್ಲಿಯೇ ಮೊದಲು ಪರೀಕ್ಷಿಸಲ್ಪಟ್ಟವುಗಳಲ್ಲಿ ಒಂದು. ಜೆ. ಎ. ಹಬ್ಬಕ್ ಎಂಬ ಸಿವಿಲ್ ಅಧಿಕಾರಿಯು ೧೯೨೩ರಿಂದ ೧೯೨೫ರವರೆಗೆ ಬಿಹಾರ ಮತ್ತು ಒರಿಸ್ಸಾ ಪ್ರಾಂತದಲ್ಲಿ ಬತ್ತದ ಬೆಳೆಯನ್ನು ಈ ರೀತಿಯಲ್ಲಿ ಕೊಯ್ದು ತೂಗಿಸಿ, ತನ್ನ ವರದಿಯನ್ನು ೧೯೨೭ರಲ್ಲಿ ಪ್ರಕಟಿಸಿದನು. ಕಲ್ಕತ್ತೆಯಲ್ಲಿ ೧೯೩೧ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರೊಫೆಸರ್ ಪಿ. ಸಿ. ಮಹಲನೋಬಿಸರು ೧೯೩೭ರಿಂದ ಬಂಗಾಳದ ಸೆಣಬಿನ ಬೆಳೆಗೆ ಇದೇ ತತ್ವವನ್ನು ದೊಡ್ಡ ಪ್ರಮಾಣದಲ್ಲಿ ಅನ್ವಯಿಸಿದರು. ೧೯೪೦ರ ದಶಕದಲ್ಲಿ ಕೃಷಿ ಸಂಶೋಧನಾ ಪರಿಷತ್ತಿನಲ್ಲಿದ್ದ ಪಿ. ವಿ. ಸುಖಾತ್ಮೆ ಮತ್ತು ಅವರ ಸಂಗಡಿಗರು ಹಲವು ಪ್ರಾಂತಗಳಲ್ಲಿ ಬೆಳೆ ಕಟಾವು ಪ್ರಯೋಗಗಳಿಗೆ ಖಚಿತವಾದ ನಿಯಮಗಳನ್ನು ಏರ್ಪಡಿಸಿದರು.

ಆಗ ಲೆಕ್ಕದ ಹಾಳೆಯಿರಲಿಲ್ಲ. ಯದೃಚ್ಛೆಯ ಅಂಕಿಗಳಿಗಾಗಿ ಪುಸ್ತಕವನ್ನು ತೆರೆಯಬೇಕಾಗಿತ್ತು. ಎಲ್. ಎಚ್. ಸಿ. ಟಿಪ್ಪೆಟ್ ಎಂಬ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞನು ಜನಗಣತಿಯ ವರದಿಗಳಿಂದ ಆಯ್ದ ೪೧,೬೦೦ ಅಂಕಿಗಳನ್ನು ೧೯೨೭ರಲ್ಲಿ ಅಚ್ಚುಹಾಕಿಸಿದನು. ಅಧಿಕಾರಿಯು ಆ ಪುಸ್ತಕದ ಒಂದು ಪುಟವನ್ನು ತೆರೆದು, ಸಾಲಾಗಿ ಅಂಕಿಗಳನ್ನು ಓದಿ, ಆ ಸಂಖ್ಯೆಯ ಹೊಲಗಳನ್ನು ಗುರುತಿಸುವನು. ಇಂದು ಆ ಪುಸ್ತಕದ ಕೆಲಸವನ್ನು ಲೆಕ್ಕದ ಹಾಳೆಯ ಒಂದು ಸೂತ್ರವು ಮಾಡುತ್ತದೆ. ಆದರೆ ಪುಸ್ತಕಕ್ಕೂ ಸೂತ್ರಕ್ಕೂ ಒಂದು ಮುಖ್ಯವಾದ ಭೇದವಿದೆ. ಅಚ್ಚಾದ ಅಂಕಿಯು ಬದಲಾಗದು. ಸೂತ್ರದ ಅಂಕಿಯು ಕ್ಷಣಕ್ಷಣಕ್ಕೂ ಬದಲಾಗುವುದು. ಮುಂದೆ ಹೇಳಲಿರುವ ಎಚ್ಚರಿಕೆಗಳ ಮೂಲವು ಇದೇ.

ವಿಮೆಯ ಪ್ರಯೋಗಗಳಿಗೆ ಹೊಲಗಳನ್ನು ಆರಿಸುವವರು ಸರ್ಕಾರದ ಸಾಂಖ್ಯಿಕ ಇಲಾಖೆಯವರೇ ಹೊರತು ಗ್ರಾಮಸ್ಥರಲ್ಲ. ಆದಾಗ್ಯೂ ಆ ಆಯ್ಕೆಯ ಮರ್ಮವನ್ನು ಗ್ರಾಮಸ್ಥರು ಅರಿತಿದ್ದರೆ ಮಾತ್ರ, ಬಂದ ನೌಕರನನ್ನು ಬೇರೆ ಹೊಲಕ್ಕೆ ಕರೆದೊಯ್ಯದೆ, ಪಟ್ಟಿಯಲ್ಲಿರುವ ಹೊಲಕ್ಕೇ ಕರೆದೊಯ್ಯುವರು. ಇದಲ್ಲದೆ ಊರಿನವರೇ ಮಾಡತಕ್ಕ ಆಯ್ಕೆಗಳು ಹಲವಿವೆ. ಮಣ್ಣಿನ ಪರೀಕ್ಷೆಗೆ ಯಾವ ಯಾವ ಹೊಲಗಳಿಂದ ಮಾದರಿ ತೆಗೆಯಬೇಕು. ಸಂಘದ ಒಕ್ಕಣೆಯ ಯಂತ್ರವು ಮೊದಲು ಯಾರ ಕಣಕ್ಕೆ ಹೋಗಬೇಕು. ನೂರು ಜನರು ಕೇಳಿದ ಹೊಸ ತಳಿಯ ಬೀಜವು ಹನ್ನೆರಡು ಜನರಿಗಾಗುವಷ್ಟೇ ಬಂದರೆ ಯಾರಿಗೆ ಕೊಡಬೇಕು. ಇಂಥ ಸಂದರ್ಭಗಳಲ್ಲಿ ಮುಂದಿನ ಕ್ರಮವನ್ನು ತಾವೇ ಅನುಸರಿಸಬಹುದು.

೪. ಮೊದಲು ಪಟ್ಟಿಯು ಸರಿಯಾಗಿರಬೇಕು

ಚೊಂಬಿನಲ್ಲಿ ಹಾಕದ ಚೀಟಿಯು ಎಂದಿಗೂ ಕೈಗೆ ಬಾರದು. ಆದಕಾರಣ ಸೂತ್ರಕ್ಕಿಂತ ಮುಂಚೆ ಪಟ್ಟಿಯನ್ನು ನೋಡತಕ್ಕದ್ದು. ಹಾಳೆಯ ಮೊದಲನೆಯ ಕಾಲಮಿನಲ್ಲಿ ಕ್ರಮಸಂಖ್ಯೆ, ಎರಡನೆಯದರಲ್ಲಿ ಸರ್ವೆ ನಂಬರು ಮತ್ತು ಹಿಸ್ಸಾ, ಮೂರನೆಯದರಲ್ಲಿ ಹಿಡುವಳಿದಾರನ ಹೆಸರು, ನಾಲ್ಕನೆಯದರಲ್ಲಿ ವಿಸ್ತೀರ್ಣವನ್ನು ಬರೆಯಿರಿ. ಒಂದು ಹೊಲಕ್ಕೆ ಒಂದೇ ಸಾಲು. ಒಂದೇ ಹೊಲವು ಎರಡು ಸಾಲುಗಳಲ್ಲಿ ಬಂದರೆ ಅದಕ್ಕೆ ಎರಡು ಪಟ್ಟು ಅವಕಾಶ; ಬಿಟ್ಟುಹೋದ ಹೊಲಕ್ಕೆ ಅವಕಾಶವೇ ಇಲ್ಲ. ವಿಧವೆಯರ, ಪರಸ್ಥಳದಲ್ಲಿರುವವರ, ಖಾತೆ ಬದಲಾವಣೆಯಾಗದೆ ತೀರಿಕೊಂಡವರ ಹೆಸರಿನಲ್ಲಿರುವ ಜಮೀನುಗಳು ಬಿಟ್ಟುಹೋಗುವುದು ಸಾಮಾನ್ಯ. ಬೆಳೆ ಸಮೀಕ್ಷೆಯಲ್ಲಿ ರಾಗಿಯ ಹೊಲವು ಜೋಳವೆಂದು ದಾಖಲಾಗಿದ್ದರೆ ಅದು ರಾಗಿಯ ಪಟ್ಟಿಗೆ ಬರುವುದೇ ಇಲ್ಲ. ಆದುದರಿಂದ ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ತಪ್ಪುಗಳನ್ನು ಆಯ್ಕೆಗೆ ಮುಂಚಿತವಾಗಿಯೇ ತಿದ್ದಿಸಬೇಕು. ಆಯ್ಕೆಯಾದ ಮೇಲೆ ತಿದ್ದಿದ ಪಟ್ಟಿಯನ್ನು ಯಾರೂ ನಂಬರು.

೫. ಸೂತ್ರಗಳು

ಹಾಳೆಯಲ್ಲಿರುವ ಒಂದೊಂದು ಚೌಕವನ್ನು ಇಲ್ಲಿ ಮನೆಯೆಂದು ಕರೆಯುವೆವು. ಸೂತ್ರವನ್ನು ಬರೆಯುವಾಗ ಮನೆಯಲ್ಲಿ ಮೊದಲು ಸಮಚಿಹ್ನೆಯನ್ನು ಹಾಕಿ, ಅನಂತರ ಸೂತ್ರದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತಕ್ಕದ್ದು.

ಮೊದಲನೆಯ ರೀತಿ. ಪಟ್ಟಿಯಲ್ಲಿ ೧೨೦ ಹೊಲಗಳಿವೆಯೆನ್ನೋಣ. ರ‍್ಯಾಂಡ್‌ಬಿಟ್ವೀನ್ ಎಂಬ ಸೂತ್ರವನ್ನು ಬರೆದು ಕಂಸದಲ್ಲಿ ೧ ಮತ್ತು ೧೨೦ ಎಂದು ಅಲ್ಪವಿರಾಮದೊಡನೆ ಕೊಟ್ಟರೆ, ಆ ಎರಡರ ನಡುವಣ ಯಾವುದಾದರೊಂದು ಪೂರ್ಣ ಸಂಖ್ಯೆಯು ಬರುವುದು. ಇದನ್ನು ಇಂಡೆಕ್ಸ್ ಎಂಬ ಸೂತ್ರದೊಳಗೆ ಸೇರಿಸಿದರೆ ಆ ಸಂಖ್ಯೆಯ ಸಾಲಿನಲ್ಲಿರುವ ಹೊಲದ ಹೆಸರೇ ಮನೆಯಲ್ಲಿ ಕಾಣುವುದು. ಒಂದೇ ಒಂದು ಹೊಲವನ್ನು ಆರಿಸುವುದಕ್ಕೆ ಇದು ಸಾಕು. ಹೆಚ್ಚು ಬೇಕಾದರೆ ಇದು ತಕ್ಕುದಲ್ಲ. ಏಕೆಂದರೆ ಎತ್ತಿದ ಚೀಟಿಯನ್ನು ಪುನಃ ಚೊಂಬಿಗೆ ಹಾಕಿ ಎತ್ತಿದಂತೆ ಇದರಲ್ಲಿ ಒಂದೇ ಹೊಲವು ಎರಡು ಸಲ ಬರಬಹುದು. ೧೨೦ರಿಂದ ೪ನ್ನು ಹೀಗೆ ತೆಗೆದರೆ, ಸುಮಾರು ೨೦ ಸಲಕ್ಕೆ ಒಮ್ಮೆ ಪುನರುಕ್ತಿಯಾಗುವುದು. ನೂರು ಅರ್ಜಿಗಳಿಂದ ೧೨ನ್ನು ತೆಗೆದರೆ ಹೆಚ್ಚುಕಡಿಮೆ ಎರಡು ಸಲಕ್ಕೊಮ್ಮೆ ಯಾವುದಾದರೊಂದು ಹೆಸರು ಎರಡಾವರ್ತಿ ಬರುವುದು.

ಎರಡನೆಯ ರೀತಿ. ಇದನ್ನೇ ನಾವು ಶಿಫಾರಸು ಮಾಡುವೆವು. ಪಟ್ಟಿಯ ಕೊನೆಯಲ್ಲಿ ಒಂದು ಹೊಸ ಕಾಲಮನ್ನು ಮಾಡಿ, ಪ್ರತಿಯೊಂದು ಸಾಲಿನಲ್ಲಿಯೂ ರ‍್ಯಾಂಡ್ ಎಂಬ ಸೂತ್ರವನ್ನು ಬರೆಯಿರಿ. ಅದರ ಮುಂದಿನ ಕಂಸದೊಳಗೆ ಏನನ್ನೂ ಬರೆಯಬೇಕಾಗಿಲ್ಲ. ಪ್ರತಿ ಹೊಲದ ಎದುರಿಗೂ ಸೊನ್ನೆಗೆ ಕಡಿಮೆಯಿಲ್ಲದ, ಒಂದಕ್ಕಿಂತ ಚಿಕ್ಕದಾದ ಒಂದು ದಶಾಂಶ ಸಂಖ್ಯೆಯು ಬೀಳುವುದು. ಆಮೇಲೆ ಈ ಕೆಳಗಿನಂತೆ ಮಾಡಿರಿ.

(ಅ) ಆ ಕಾಲಮನ್ನು ಪೂರ್ತಿಯಾಗಿ ನಕಲು ಮಾಡಿ, ಅದೇ ಸ್ಥಳದಲ್ಲಿ ಸೂತ್ರವಿಲ್ಲದೆ ಬೆಲೆಗಳು ಮಾತ್ರ ಉಳಿಯುವಂತೆ ಅಂಟಿಸಿರಿ. ಇದಕ್ಕೆ ಪೇಸ್ಟ್ ವ್ಯಾಲ್ಯೂಸ್ ಎನ್ನುವರು. ಇದರಿಂದ ಅಂಕಿಗಳು ಸ್ಥಿರವಾಗುವುವು.

(ಆ) ಪಟ್ಟಿಯ ಎಲ್ಲ ಕಾಲಮುಗಳನ್ನೂ ಒಟ್ಟಿಗೆ ಹಿಡಿದು, ಆ ದಶಾಂಶ ಸಂಖ್ಯೆಗಳ ಮೇರೆಗೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿರಿ. ಒಂದೇ ಕಾಲಮನ್ನು ಹಿಡಿದು ಜೋಡಿಸಿದರೆ ಒಬ್ಬರ ಸರ್ವೆ ನಂಬರಿಗೆ ಇನ್ನೊಬ್ಬರ ಹೆಸರು ಸೇರಿ ಪಟ್ಟಿಯೇ ಕೆಡುವುದು. ಈ ತಪ್ಪು ಕಣ್ಣಿಗೆ ಕಾಣುವುದಿಲ್ಲವಾದ ಕಾರಣ ಬಹಳ ಜಾಗರೂಕತೆಯು ಬೇಕು.

(ಇ) ಮೇಲಿನ ೪ ಸಾಲುಗಳೇ ಆಯ್ಕೆಯಾದ ಹೊಲಗಳು. ಪುನರುಕ್ತಿಗೆ ಅವಕಾಶವೇ ಇಲ್ಲ. ಐದನೆಯದು, ಆರನೆಯದು ಮುಂತಾದವುಗಳನ್ನು ಬದಲಿ ಹೊಲಗಳೆಂದು ಕ್ರಮವಾಗಿ ಇಟ್ಟುಕೊಳ್ಳಬಹುದು. ಆರಿಸಿದ ಹೊಲವು ಮುಂಚೆಯೇ ಕೊಯ್ಲಾಗಿದ್ದರೆ ಐದನೆಯದು; ಅದೂ ಆಗಿದ್ದರೆ ಆರನೆಯದು. ಕ್ರಮವನ್ನು ತಪ್ಪಿಸಿ ಏಳನೆಯದಕ್ಕೆ ಹಾರಕೂಡದು.

ಸಂಘದ ಯಂತ್ರದ ಸರದಿಯನ್ನು ಗೊತ್ತುಮಾಡಲು ಈ ಜೋಡಿಸಿದ ಪಟ್ಟಿಯೇ ಸಾಕು. ಮೊದಲ ಸಾಲಿನವನಿಗೆ ಮೊದಲ ಸರದಿ. ಹೊಸ ಎಕ್ಸೆಲಿನಲ್ಲಿಯೂ ಗೂಗಲ್ ಶೀಟ್ಸಿನಲ್ಲಿಯೂ ರ‍್ಯಾಂಡ್‌ಅರೇ ಮುಂತಾದ ಸೂತ್ರಗಳಿಂದ ಈ ಕೆಲಸವನ್ನು ಒಂದೇ ಸಾಲಿನಲ್ಲಿ ಮಾಡುವ ಉಪಾಯಗಳುಂಟು. ಅವು ಬಲ್ಲವರಿಗೆ ಅನುಕೂಲವೇ ಸರಿ. ಆದರೆ ಸಭೆಯಲ್ಲಿ ಹತ್ತು ಜನರಿಗೆ ಹಂತಹಂತವಾಗಿ ತೋರಿಸಿ ಒಪ್ಪಿಸುವುದಕ್ಕೆ ಮೇಲೆ ಹೇಳಿದ ರೀತಿಯೇ ಉತ್ತಮವು.

ವಿಸ್ತೀರ್ಣದ ವಿಚಾರ. ಮೇಲಿನ ರೀತಿಯಲ್ಲಿ ಒಂದು ಎಕರೆಯ ಹೊಲಕ್ಕೂ ಹತ್ತು ಎಕರೆಯ ಹೊಲಕ್ಕೂ ಒಂದೇ ಅವಕಾಶ. ಬೀಜ ಹಂಚುವಾಗ ಇದು ನ್ಯಾಯವೇ. ಅಲ್ಲಿ ಆರಿಸುವುದು ಮನುಷ್ಯರನ್ನು. ಭೂಮಿಯನ್ನೇ ಆರಿಸಬೇಕಾದ ಕೆಲಸದಲ್ಲಿ ಎಕರೆಗೊಂದು ಚೀಟಿಯಂತೆ ಹಾಕುವುದು ಲೇಸು. ಮೂರು ಹೊಲಗಳು ೧, ೪ ಮತ್ತು ೧೦ ಎಕರೆಗಳಾದರೆ, ಕೂಡಿಸುತ್ತ ಹೋದ ಮೊತ್ತಗಳು ೧, ೫, ೧೫. ಈಗ ೧ರಿಂದ ೧೫ರವರೆಗೆ ಒಂದು ಸಂಖ್ಯೆಯನ್ನು ತೆಗೆಯಿರಿ. ೧ ಬಂದರೆ ಮೊದಲನೆಯ ಹೊಲ. ೨ರಿಂದ ೫ರ ವರೆಗೆ ಬಂದರೆ ಎರಡನೆಯದು. ೬ರಿಂದ ೧೫ರ ವರೆಗೆ ಬಂದರೆ ಮೂರನೆಯದು. ಯಾವ ರೀತಿಯನ್ನು ಅನುಸರಿಸುವೆವೆಂಬುದನ್ನು ಮೊದಲೇ ಗೊತ್ತುಮಾಡಿ ಬರೆದಿಡಬೇಕು.

೬. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ

ರ‍್ಯಾಂಡ್ ಸೂತ್ರವಿರುವ ಹಾಳೆಯಲ್ಲಿ ಎಲ್ಲಿಯಾದರೂ ಒಂದು ಅಕ್ಷರವನ್ನು ಬರೆದರೂ ಎಲ್ಲ ಅಂಕಿಗಳೂ ಮಾರ್ಪಡುವುವು. ಎಕ್ಸೆಲಿನಲ್ಲಿ ಎಫ್ ೯ ಎಂಬ ಕೀಲಿಯನ್ನು ಒತ್ತಿದರೂ ಹಾಗೆಯೇ. ಸ್ಥಿರಗೊಳಿಸದೆ ಜೋಡಿಸಿದರೆ, ಜೋಡಿಸಿದ ಕ್ಷಣದಲ್ಲಿಯೇ ಅಂಕಿಗಳು ಬದಲಾಗಿ, ಪಟ್ಟಿಯು ಜೋಡಣೆಯಾಗಿಲ್ಲವೆಂಬ ಭ್ರಮೆಯುಂಟಾಗುವುದು; ಬರೆಯುವವನು ಮತ್ತೊಮ್ಮೆ ಜೋಡಿಸುವನು; ಹೊಲಗಳು ಬೇರೆಯಾಗುವುವು. ಇದು ಅಜ್ಞಾನದಿಂದಾಗುವ ತಪ್ಪು.

ಬುದ್ಧಿಪೂರ್ವಕವಾಗಿ ಆಗುವ ತಪ್ಪು ಇದಕ್ಕಿಂತ ಕೆಟ್ಟದು. ಬಂದ ಹೆಸರುಗಳು ಮನಸ್ಸಿಗೆ ಒಪ್ಪದಿದ್ದರೆ ಕೀಲಿಯನ್ನು ಇನ್ನೊಮ್ಮೆ ಒತ್ತುವುದು ಎಷ್ಟು ಸುಲಭ! ಒತ್ತಿದ ಗುರುತು ಕೂಡ ಉಳಿಯುವುದಿಲ್ಲ. ಇದರ ಪರಿಣಾಮವನ್ನು ಲೆಕ್ಕಹಾಕಿ ನೋಡಿರಿ. ೧೨೦ ಹೊಲಗಳಲ್ಲಿ ೬೦ ಒಳ್ಳೆಯವು, ೬೦ ಕೆಟ್ಟವು ಎನ್ನೋಣ. ಒಂದೇ ಸಲ ಎತ್ತಿದಾಗ ನಾಲ್ಕೂ ಒಳ್ಳೆಯವೇ ಬರುವ ಸಂಭವವು ನೂರಕ್ಕೆ ಸುಮಾರು ೬. ಹತ್ತು ಸಲ ಎತ್ತಿ ತನಗೆ ಬೇಕಾದುದನ್ನು ಇಟ್ಟುಕೊಂಡರೆ, ಆ ಹತ್ತರಲ್ಲಿ ಒಮ್ಮೆಯಾದರೂ ನಾಲ್ಕೂ ಒಳ್ಳೆಯವೇ ಬರುವ ಸಂಭವವು ನೂರಕ್ಕೆ ಸುಮಾರು ೪೬. ಸೂತ್ರವು ಅದೇ, ಯಂತ್ರವು ಅದೇ, ಆದರೆ ಹತ್ತನೆಯ ಸಲಕ್ಕೆ ಆರಿಸಿದುದು ಯಂತ್ರವಲ್ಲ, ಮನುಷ್ಯನೇ. ಚೊಂಬಿನಿಂದ ಚೀಟಿಯನ್ನು ಎತ್ತಿ, ಓದಿ, ಇದು ಬೇಡವೆಂದು ಪುನಃ ಹಾಕುವವನನ್ನು ನಮ್ಮ ಪಂಚಾಯಿತಿಗಳು ಎಂದಾದರೂ ಒಪ್ಪಿದ್ದುಂಟೆ?

ಆದುದರಿಂದ ಈ ನಿಯಮಗಳನ್ನು ಪಾಲಿಸತಕ್ಕದ್ದು. ಎಷ್ಟು ಆರಿಸಬೇಕು, ಬದಲಿ ಎಷ್ಟು, ಯಾವ ರೀತಿ ಎಂಬುದನ್ನು ಸೂತ್ರ ಬರೆಯುವುದಕ್ಕೆ ಮುಂಚೆ ಓದಿ ಹೇಳಬೇಕು. ಸೂತ್ರವನ್ನು ಸಭೆಯ ಎದುರಿಗೆ, ಎಲ್ಲರಿಗೂ ಕಾಣುವಂತೆ, ಒಂದೇ ಸಲ ಬರೆಯಬೇಕು. ಅಂಕಿಗಳನ್ನು ಕೂಡಲೇ ಸ್ಥಿರಗೊಳಿಸಬೇಕು. ಇಡೀ ಪಟ್ಟಿಯನ್ನು ದಶಾಂಶ ಸಂಖ್ಯೆಗಳೊಡನೆ ಅಚ್ಚು ತೆಗೆದು, ದಿನಾಂಕ ಮತ್ತು ವೇಳೆಯನ್ನು ನಮೂದಿಸಿ, ಹಾಜರಿದ್ದವರ ಸಹಿ ಪಡೆದು, ಒಂದು ಪ್ರತಿಯನ್ನು ಪಂಚಾಯತಿಯ ಗೋಡೆಗೆ ಹಚ್ಚಬೇಕು. ಆಯ್ಕೆಯಾಗದವನಿಗೂ ತನ್ನ ಹೆಸರು ಪಟ್ಟಿಯಲ್ಲಿತ್ತು, ತನ್ನ ಅಂಕಿಯು ಇಷ್ಟು ಬಂದಿತ್ತು ಎಂಬುದು ಕಾಣಬೇಕು.

೭. ಹೊಲದೊಳಗಿನ ಸ್ಥಳವನ್ನು ಗೊತ್ತುಮಾಡುವುದು

ಹೊಲವು ಗೊತ್ತಾದ ಮೇಲೂ ಪಕ್ಷಪಾತಕ್ಕೆ ಎಡೆಯುಂಟು. ಒಂದೇ ಹೊಲದಲ್ಲಿ ಬದುವಿನ ಹತ್ತಿರ ಒಂದು ಬೆಳೆ, ನಡುವೆ ಒಂದು ಬೆಳೆ. ಕಟಾವಿನ ತಾಕು ೫ ಮೀಟರು ಉದ್ದ, ೫ ಮೀಟರು ಅಗಲವೆಂದೂ, ಹೊಲವು ೬೦ ಮೀಟರು ಉದ್ದ, ೩೫ ಮೀಟರು ಅಗಲವೆಂದೂ ಇಟ್ಟುಕೊಳ್ಳಿರಿ. ತಾಕು ಹೊಲದೊಳಗೇ ಇರಬೇಕಾದುದರಿಂದ, ಉದ್ದದಲ್ಲಿ ೫೫, ಅಗಲದಲ್ಲಿ ೩೦ ಮೀಟರು ಆಯ್ಕೆಗೆ ಉಳಿಯುವುದು. ರ‍್ಯಾಂಡ್‌ಬಿಟ್ವೀನ್ ಸೂತ್ರದಿಂದ ೦ಯಿಂದ ೫೫ರ ವರೆಗೆ ಒಂದು, ೦ಯಿಂದ ೩೦ರ ವರೆಗೆ ಒಂದು ಸಂಖ್ಯೆಯನ್ನು ತೆಗೆಯಿರಿ. ೪೧ ಮತ್ತು ೧೭ ಬಂದರೆ, ಹೊಲದ ನೈಋತ್ಯ ಮೂಲೆಯಿಂದ ಉದ್ದಕ್ಕೆ ೪೧ ಮೀಟರು, ಅಲ್ಲಿಂದ ಅಗಲಕ್ಕೆ ೧೭ ಮೀಟರು ಹೋಗಿ ಗೂಟ ಹೊಡೆಯುವುದು. ಆ ಸ್ಥಳದಲ್ಲಿ ಬೆಳೆಯು ಒಣಗಿದ್ದರೂ, ಹಂದಿ ತಿಂದಿದ್ದರೂ, ಸೊಂಪಾಗಿದ್ದರೂ ಗೂಟವನ್ನು ಕದಲಿಸಕೂಡದು.

ಹಗ್ಗವನ್ನು ಬಿಗಿಯಾಗಿ ಕಟ್ಟಿ, ಗೆರೆಯ ಮೇಲೆ ನಿಂತ ಗಿಡವು ಒಳಗಿನದೋ ಹೊರಗಿನದೋ ಎಂಬುದನ್ನು ಅದರ ಬುಡವನ್ನು ನೋಡಿಯೇ ತೀರ್ಮಾನಿಸಬೇಕು. ಅಂಚಿನ ಗಿಡಗಳನ್ನು ಒಳಗೆ ಸೇರಿಸಿಕೊಳ್ಳುವ ಚಾಪಲ್ಯದಿಂದ ಸಣ್ಣ ತಾಕುಗಳಲ್ಲಿ ಇಳುವರಿಯು ನಿಜಕ್ಕಿಂತ ಹೆಚ್ಚಾಗಿ ಕಾಣುವುದೆಂದು ಸುಖಾತ್ಮೆಯವರು ೧೯೪೦ರ ದಶಕದಲ್ಲಿಯೇ ತೋರಿಸಿದ್ದಾರೆ. ೨೫ ಚದರ ಮೀಟರಿನ ತಾಕು ಹೆಕ್ಟೇರಿನ ೪೦೦ರಲ್ಲಿ ಒಂದು ಪಾಲು. ತಾಕಿನಲ್ಲಿ ಎರಡೂವರೆ ಕಿಲೋ ಧಾನ್ಯ ಬಂದರೆ ಹೆಕ್ಟೇರಿಗೆ ೧೦ ಕ್ವಿಂಟಾಲು. ತೂಕದಲ್ಲಿ ಕಾಲು ಕಿಲೋ ತಪ್ಪಿದರೆ ಹೆಕ್ಟೇರಿಗೆ ಒಂದು ಕ್ವಿಂಟಾಲು ತಪ್ಪುವುದು. ಒಂದು ಹಿಡಿ ತೆನೆಗೆ ಇಷ್ಟು ಬೆಲೆಯಿದೆಯೆಂಬುದನ್ನು ಕೂಲಿಯವರಿಗೂ ತಿಳಿಸಿ ಹೇಳಬೇಕು.

೮. ಕೆಲವು ಆಕ್ಷೇಪಣೆಗಳು

ನಾಲ್ಕು ಹೊಲಗಳಿಂದ ಇಡೀ ಪಂಚಾಯತಿಯ ಬೆಳೆಯನ್ನು ಅರಿಯುವುದು ಹೇಗೆಂದು ಕೇಳುವವರುಂಟು. ಅನ್ನವು ಬೆಂದಿತೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂದು ಮನೆಯ ಹೆಂಗಸರು ಬಲ್ಲರು. ಆದರೆ ಅವರು ಮೊದಲು ಸೌಟಿನಿಂದ ಅನ್ನವನ್ನು ತಿರುವಿಯೇ ಅಗುಳನ್ನು ತೆಗೆಯುವರು. ಮೇಲೆ ಕಂಡ ಅಗುಳನ್ನಲ್ಲ. ಯದೃಚ್ಛೆಯ ಆಯ್ಕೆಯು ಆ ತಿರುವುವಿಕೆಗೆ ಸಮಾನವಾದುದು. ನಾಲ್ಕು ಸ್ವಲ್ಪವೇ ಎಂಬುದು ದಿಟ. ದೈವವಶದಿಂದ ನಾಲ್ಕೂ ಒಳ್ಳೆಯ ಹೊಲಗಳೇ ಬರುವ ವರ್ಷವೂ ಉಂಟು. ಪ್ರಯೋಗಗಳ ಸಂಖ್ಯೆಯನ್ನು ಹೆಚ್ಚಿಸಿದಷ್ಟೂ ಈ ದೋಷವು ತಗ್ಗುವುದು. ಆದರೆ ಕೈಯಿಂದ ಆರಿಸಿದ ಹೊಲಗಳ ದೋಷವು ನಾಲ್ಕಲ್ಲ ನಲವತ್ತು ಮಾಡಿದರೂ ತಗ್ಗದು. ಅದು ಯಾವಾಗಲೂ ಒಂದೇ ಕಡೆಗೆ ವಾಲಿರುವುದು.

ಯಂತ್ರವನ್ನು ನಂಬುವುದು ಹೇಗೆಂಬುದು ಇನ್ನೊಂದು ಪ್ರಶ್ನೆ. ಲೆಕ್ಕದ ಹಾಳೆಯ ಅಂಕಿಗಳು ಒಂದು ಗಣಿತದ ಕ್ರಮದಿಂದಲೇ ಹುಟ್ಟುವುವು. ಆದರೂ ಊರಿನ ಕೆಲಸಕ್ಕೆ ಅವು ಧಾರಾಳವಾಗಿ ಸಾಕು. ಮೋಸವು ನಡೆಯುವುದು ಸೂತ್ರದೊಳಗಲ್ಲ, ಸೂತ್ರದ ಆಚೆ ಈಚೆ: ಪಟ್ಟಿಯನ್ನು ಬರೆಯುವಾಗ ಮತ್ತು ಫಲವನ್ನು ಒಪ್ಪುವಾಗ. ಈ ಎರಡೂ ಮನುಷ್ಯರ ಕೈಯಲ್ಲಿರುವುದರಿಂದ, ಈ ಎರಡನ್ನೂ ಬಹಿರಂಗವಾಗಿ ಮಾಡಬೇಕು. ಯಂತ್ರವೂ ಇಲ್ಲ, ವಿದ್ಯುಚ್ಛಕ್ತಿಯೂ ಇಲ್ಲವೆಂದರೆ ಚಿಂತೆಯಿಲ್ಲ. ಒಂದೇ ಅಳತೆಯ ೧೨೦ ಚೀಟಿಗಳೂ, ಒಂದು ಕೊಡವೂ, ಒಂದು ಮಗುವೂ ಇದ್ದರೆ ಅದೇ ನ್ಯಾಯವು ದೊರೆಯುವುದು.

ಆಯ್ಕೆಯಾದ ಹೊಲದವನು ತನ್ನ ಬೆಳೆ ಬಡವಾಗಿದೆಯೆಂದು ನಾಚಿ, ಅಧಿಕಾರಿಯನ್ನು ಪಕ್ಕದವನ ಹೊಲಕ್ಕೆ ಹೋಗಿರೆಂದು ಬೇಡಿಕೊಳ್ಳುವುದುಂಟು. ಅಂಥವನಿಗೆ 'ಅಪ್ಪಾ, ಅವರು ನಿನ್ನ ಬೇಸಾಯವನ್ನು ಪರೀಕ್ಷಿಸಲು ಬಂದಿಲ್ಲ. ಊರಿನ ಎಲ್ಲರ ಪರವಾಗಿ ನಿನ್ನ ಹೊಲವು ಸಾಕ್ಷಿ ಹೇಳಬೇಕಾಗಿದೆ' ಎಂದು ಸಮಾಧಾನ ಹೇಳುವುದು ಊರಿನ ಯಜಮಾನರ ಕೆಲಸ.

ಗ್ರಾಮದ ಮುಖ್ಯಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮುಂದಿನ ಕಟಾವಿನ ಕಾಲದಲ್ಲಿ ಪಟ್ಟಿಯಲ್ಲಿರುವ ಹೊಲವು ಎಷ್ಟೇ ದೂರವಿದ್ದರೂ ನೌಕರನೊಡನೆ ತಾವೇ ನಡೆದುಹೋಗಿ, ಗೂಟ ಹೊಡೆಯುವುದನ್ನೂ, ಕೊಯ್ಯುವುದನ್ನೂ, ತೂಗುವುದನ್ನೂ ಕಣ್ಣಾರೆ ನೋಡಿರಿ. ಊರಿನ ಸ್ವಂತ ಆಯ್ಕೆಗಳನ್ನು ಚಾವಡಿಯಲ್ಲಿ ಎಲ್ಲರೆದುರಿಗೆ ಒಂದೇ ಸಲ ಮಾಡಿಸಿರಿ. ಯಾವನಿಗೆ ಸಿಕ್ಕಿತೋ ಅವನು ಋಣಿಯಾಗಬೇಕಾಗಿಲ್ಲ. ಯಾವನಿಗೆ ಸಿಕ್ಕಲಿಲ್ಲವೋ ಅವನು ಹಗೆಯಾಗಬೇಕಾಗಿಲ್ಲ. ಊರು ಒಟ್ಟಾಗಿ ಬಾಳುವುದಕ್ಕೆ ಇದರಿಂದ ಆಗುವ ಉಪಕಾರವು ವಿಮೆಯ ಹಣಕ್ಕಿಂತ ಕಡಿಮೆಯಾದುದಲ್ಲ.